ಘಟೋತ್ಕಚನ ಗುಟ್ಟು

ನಮ್ಮ ಕಡೆಯ ಟೆಂಟ್ ಸಿನಿಮಾದಲ್ಲಿ ನೆಲಕ್ಕೊಂದು ದರ, ಬೆಂಚಿಗೊಂದು ದರ, ಮಡಚುವ ಕುರ್ಚಿಗೆ ಮತ್ತೊಂದು ದರ. ನನಗೆ ಮೂರೂ ಬೇಕಿರಲಿಲ್ಲ. ಪ್ರೊಜೆಕ್ಟರ್ ಇಟ್ಟಿದ್ದ ತಗಡಿನ ಕ್ಯಾಬಿನ್ನಿನೊಳಗೆ, ಖಾಲಿ ರೀಲ್ ಡಬ್ಬದ ಮೇಲೆ ನನ್ನ ಜಾಗ. ಅಪ್ಪ ಅಲ್ಲಿ ಆಪರೇಟರ್. ಅಪ್ಪನನ್ನು ನಾವು ಕರೆಯುತ್ತಿದ್ದುದು ನಾಯನ ಅಂತ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ.

ಸಂಜೆ ಆಗುತ್ತಿದ್ದಂತೆ ಟೆಂಟಿನ ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಘಂಟಸಾಲ 'ನಮೋ ವೆಂಕಟೇಶ' ಹಾಡುತ್ತಿದ್ದರು. ಹಾಡು ಕೇಳಿಸಿತು ಅಂದರೆ ಟಿಕೆಟ್ ಕೊಡಲು ಶುರುವಾಯಿತು ಅಂತ ಅರ್ಥ. ಅರ್ಧ ಕೆಲಸ ಮಾಡಿದ್ದ ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಓಡುತ್ತಿದ್ದರು. ಅದೇ ಘಂಟಸಾಲ ಸಂಗೀತ ಕೊಟ್ಟ 'ಮಾಯಾಬಜಾರ್' ವರ್ಷಕ್ಕೆ ಒಂದು ಸಲವಾದರೂ ನಮ್ಮ ಟೆಂಟಿಗೆ ಬರುತ್ತಿತ್ತು. ಅದು ತೆರೆ ಕಂಡಿದ್ದು 1957ರಲ್ಲಿ, ನಾನು ಹುಟ್ಟುವುದಕ್ಕೆ ಆರು ವರ್ಷ ಮೊದಲು. ನನಗೆ ಎಂಟು ತುಂಬುವ ಹೊತ್ತಿಗೆ ಅದರ ಮಾತುಗಳೆಲ್ಲ ಬಾಯಿಪಾಠ.

ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂತು ನಗಬಹುದಾದ, ಮಾಯ ಮಂತ್ರ ಇರುವ ಸಿನಿಮಾ ಯಾವುದಾದರೂ ಹೇಳಿ ಅಂತ ಬೇಸಿಗೆ ರಜೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು, ಹಾಗಾಗಿ ಒಳ್ಳೆಯದನ್ನೇ ಹೇಳುತ್ತೇನೆ ಅಂತ ಅವರ ನಂಬಿಕೆ ಇರಬೇಕು. ನಾನು ಮಾಯಾಬಜಾರ್ ಅನ್ನುತ್ತೇನೆ. 'ಅಯ್ಯೋ ಟೀಚರ್, ಕಪ್ಪು ಬಿಳುಪಲ್ಲವಾ' ಅನ್ನುತ್ತಾರೆ. ಬಣ್ಣ ಬೇಕಿದ್ದರೆ 2010ರಲ್ಲಿ ಬಣ್ಣ ತುಂಬಿದ ಪ್ರತಿಯೂ ಬಂದಿದೆ. ಆದರೆ ಆ ಚಿತ್ರ ಯಾಕೆ ಈಗಲೂ ಓಡುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಬಣ್ಣದಿಂದಲೂ ಅಲ್ಲ, ನಟರಿಂದಲೂ ಅಲ್ಲ, ಒಂದು ರಾತ್ರಿ ನಾಯನ ಮಾಡಿದ ತಪ್ಪಿನಿಂದ.

ಜಾತ್ರೆಗೆಂದು ಟೆಂಟು ಬೇರೊಂದು ಹಳ್ಳಿಗೆ ಹೋಗಿತ್ತು. ಮೊದಲ ದಿನ. ಒಂದೇ ಪ್ರೊಜೆಕ್ಟರ್ ಇದ್ದ ಕಾಲ ಅದು. ಒಂದು ರೀಲು ಮುಗಿದರೆ ದೀಪ ಹಾಕಿ, ಇನ್ನೊಂದನ್ನು ಏರಿಸಿ, ಮತ್ತೆ ದೀಪ ಆರಿಸಬೇಕು. ಆ ನಾಲ್ಕು ನಿಮಿಷದಲ್ಲಿ ಕಡಲೆಕಾಯಿ, ಸೋಡಾ, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಬರುವುದು, ಎಲ್ಲವೂ ಆಗಬೇಕು. ಮಾಯಾಬಜಾರ್ ಮೂರು ಗಂಟೆಗೂ ಮಿಕ್ಕಿದ ಚಿತ್ರ, ಡಬ್ಬಗಳ ರಾಶಿಯೇ ಇತ್ತು. ಗಾಡಿಯಿಂದ ಇಳಿಸುವಾಗ ಡಬ್ಬಗಳು ಹಿಂದುಮುಂದಾಗಿದ್ದವು. ನಾಯನ ಒಂದು ರೀಲನ್ನು ಬಿಟ್ಟು ಅದರ ಮುಂದಿನದನ್ನು ಏರಿಸಿಬಿಟ್ಟರು.

ಬಿಟ್ಟುಹೋದದ್ದು ಯಾವುದು ಗೊತ್ತೇ? ಘಟೋತ್ಕಚ ದ್ವಾರಕೆಗೆ ಬಂದು, ಮಲಗಿದ್ದ ಶಶಿರೇಖೆಯನ್ನು ಮಂಚದ ಸಮೇತ ಎತ್ತಿಕೊಂಡು ಹೋಗಿ, ತಾನೇ ಶಶಿರೇಖೆಯ ವೇಷದಲ್ಲಿ ನಿಲ್ಲುವ ಭಾಗ. ಅದನ್ನು ನೋಡದ ಜನಕ್ಕೆ ಕಂಡದ್ದು ಇಷ್ಟು: ನಿನ್ನೆಯವರೆಗೆ ಅಳುತ್ತಿದ್ದ ಬಲರಾಮನ ಮಗಳು ಇದ್ದಕ್ಕಿದ್ದಂತೆ ಎದೆ ಸೆಟೆಸಿ, ಕಾಲು ಅಗಲಿಸಿ, ಗರಡಿಮನೆಯ ಪೈಲ್ವಾನನಂತೆ ನಡೆಯುತ್ತಿದ್ದಾಳೆ. ಶಶಿರೇಖೆಯಾದ ಸಾವಿತ್ರಿ ಆ ಭಾಗದಲ್ಲಿ ಮಾಡಿದ ನಟನೆಯನ್ನು ನೋಡಿ ಬಿದ್ದು ಬಿದ್ದು ನಗದ ಟೆಂಟನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವತ್ತು ಒಬ್ಬರೂ ನಗಲಿಲ್ಲ. ನೆಲದ ಮೇಲೆ ಕೂತಿದ್ದ ಹೆಂಗಸರ ಕಡೆಯಿಂದ 'ಪಾಪ, ಮೈಮೇಲೆ ಏನೋ ಬಂದದೆ' ಅನ್ನುವ ಮಾತು ಕೇಳಿಸಿತು. ಒಬ್ಬ ಮುದುಕಿ ಲೊಚಗುಟ್ಟಿ, ನಿಂಬೆಹಣ್ಣು ನಿವಾಳಿಸಬೇಕು ಅಂದಳು. ಮಕ್ಕಳು ಸುಮ್ಮನೆ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಮೊದಲೇ ಚಿತ್ರ ನೋಡಿದ್ದ ನಾಲ್ಕು ಜನ ಬೆಂಚಿನ ಮೇಲಿಂದ ಎದ್ದು ಕ್ಯಾಬಿನ್ನಿನ ಕಡೆ ತಿರುಗಿ ಬೈಯತೊಡಗಿದ ಮೇಲೆ ನಾಯನನಿಗೆ ಅರಿವಾಯಿತು.

ಅವರು ಪ್ರೊಜೆಕ್ಟರ್ ನಿಲ್ಲಿಸಿದರು. ಬಿಟ್ಟ ರೀಲು ಹಾಕಿದರು. ಅದು ಮುಗಿದ ಮೇಲೆ ತೋರಿಸಿದ್ದ ರೀಲನ್ನೇ ಮತ್ತೆ ಹಾಕಿದರು. ಅದೇ ನಡಿಗೆ, ಅದೇ ಮುಖ, ಅದೇ ಮಾತು. ಈ ಸಲ ಟೆಂಟಿನ ಗೂಟ ಕಿತ್ತುಬರುವ ಹಾಗೆ ನಗು. ನಿಂಬೆಹಣ್ಣಿನ ಮುದುಕಿ ಎಲ್ಲರಿಗಿಂತ ಜೋರು.

ಮಾರನೇ ದಿನ ನಾಯನ ಪ್ರತಿ ಡಬ್ಬದ ಮೇಲೂ ಕೆಂಪು ಪೇಂಟಿನಲ್ಲಿ ಕೈಯಗಲದ ಅಂಕಿ ಬರೆದರು. ನನಗೆ ಉಳಿದದ್ದು ಬೇರೆ. ನಗು ತೆರೆಯ ಮೇಲೆ ಇರಲಿಲ್ಲ. ನೋಡುವವರಿಗೆ ಒಂದು ಗುಟ್ಟು ಗೊತ್ತಿದ್ದುದರಲ್ಲಿ ಇತ್ತು. ಮದುಮಗ ಲಕ್ಷ್ಮಣಕುಮಾರನಿಗೆ ಗೊತ್ತಿಲ್ಲ, ಅವನಪ್ಪ ದುರ್ಯೋಧನನಿಗೆ ಗೊತ್ತಿಲ್ಲ, ಎಲ್ಲ ಬಲ್ಲ ಶಕುನಿಗೂ ಗೊತ್ತಿಲ್ಲ. ನೆಲದ ಮೇಲೆ ಮೂಗು ಒರೆಸಿಕೊಳ್ಳುತ್ತ ಕೂತ ಆರು ವರ್ಷದ ಹುಡುಗನಿಗೆ ಗೊತ್ತು. ಮನೆಯಲ್ಲಿ ಯಾವ ಗುಟ್ಟನ್ನೂ ಯಾರೂ ಅವನಿಗೆ ಹೇಳುವುದಿಲ್ಲ. 'ನೀನು ಚಿಕ್ಕವನು, ಆಚೆ ಹೋಗು' ಅನ್ನುತ್ತಾರೆ. ಇಲ್ಲಿ ರಾಜರು, ಮಹಾರಾಜರು ಆಚೆ, ಅವನು ಒಳಗೆ.

ಇಷ್ಟಾಗಿ ಈ ಕಥೆ ವ್ಯಾಸರ ಮಹಾಭಾರತದಲ್ಲಿ ಇಲ್ಲವೇ ಇಲ್ಲ. ಜನ ಕಟ್ಟಿಕೊಂಡದ್ದು. ಬಲರಾಮನ ಮಗಳನ್ನು ಸುಭದ್ರೆಯ ಮಗ ಅಭಿಮನ್ಯುವಿಗೆ ಕೊಡುವುದೆಂದು ಚಿಕ್ಕಂದಿನಲ್ಲೇ ಮಾತಾಗಿರುತ್ತದೆ. ಪಾಂಡವರು ಜೂಜಿನಲ್ಲಿ ಎಲ್ಲ ಕಳೆದುಕೊಂಡದ್ದೇ ತಡ, ಹುಡುಗಿಯ ತಾಯಿ ರೇವತಿಗೆ ಹಳೆಯ ಮಾತು ಮರೆತುಹೋಗುತ್ತದೆ, ಶಕುನಿ ನಡುವೆ ಬಂದು ದುರ್ಯೋಧನನ ಮಗನ ಜೊತೆ ಸಂಬಂಧ ಕುದುರಿಸುತ್ತಾನೆ. ನಮ್ಮ ಕಡೆ ಯಾವ ಮನೆಯಲ್ಲಿ ಆಗದ ಸಂಗತಿ ಹೇಳಿ! ತೆಲುಗಿನ ಶಶಿರೇಖೆ ಮರಾಠಿಯಲ್ಲಿ ವತ್ಸಲೆ, ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಕನಕಾಂಗಿ. 'ಕನಕಾಂಗಿ ಕಲ್ಯಾಣ' ಪ್ರಸಂಗದ ಬಗ್ಗೆ ಉಡುಪಿ ಕಡೆಯ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಹೇಳುವವರೆಗೆ ಇದು ನಮ್ಮ ಸೀಮೆಯ ಸೊತ್ತು ಅಂತಲೇ ನಾನು ತಿಳಿದಿದ್ದೆ.

ಚಿತ್ರದಲ್ಲಿ ಐವರು ಪಾಂಡವರು ಒಂದು ಸಲವೂ ತೆರೆಗೆ ಬರುವುದಿಲ್ಲ. ಇದನ್ನು ಯಾರಿಗಾದರೂ ಹೇಳಿ ನೋಡಿ, ಹತ್ತು ಸಲ ನೋಡಿದವರೂ 'ಹೌದೇ?' ಅಂತ ಹುಬ್ಬೇರಿಸುತ್ತಾರೆ. ಕುರುಕ್ಷೇತ್ರವಿಲ್ಲ, ಉಪದೇಶವಿಲ್ಲ. ಒಂದು ಮದುವೆಮನೆ ಇದೆ. ಬೀಗರ ಬಿಂಕ ಇದೆ, ಪುರೋಹಿತರ ಜಗಳ ಇದೆ, ಅಡುಗೆಮನೆ ಇದೆ. ಎನ್.ಟಿ. ರಾಮರಾವ್ ಕೃಷ್ಣ. ಅದಕ್ಕೂ ಮೊದಲು ಇನ್ನೊಂದು ಚಿತ್ರದಲ್ಲಿ ಅವರು ಕೃಷ್ಣನ ವೇಷ ಹಾಕಿದ್ದನ್ನು ಜನ ಮೆಚ್ಚಿರಲಿಲ್ಲ, ಹಾಗಾಗಿ ಹಿಂಜರಿದಿದ್ದರು, ನಿರ್ದೇಶಕ ಕೆ.ವಿ. ರೆಡ್ಡಿ ಒಪ್ಪಿಸಿದರು. ಆಮೇಲೆ ಅವರ ಕೃಷ್ಣ ಕ್ಯಾಲೆಂಡರುಗಳಿಗೇ ಏರಿದ. ಆದರೆ ಮಕ್ಕಳ ಕಣ್ಣು ಕೃಷ್ಣನ ಮೇಲೆ ನಿಲ್ಲುವುದಿಲ್ಲ. ಅವರಿಗೆ ಎಸ್.ವಿ. ರಂಗರಾವ್ ಬೇಕು, ಘಟೋತ್ಕಚ ಬೇಕು.

ಅವನ ಮದುವೆ ಊಟದ ಹಾಡು ಕನ್ನಡಕ್ಕೆ ಡಬ್ ಆದ ಚಿತ್ರದಿಂದಾಗಿ ತೆಲುಗು ಬಾರದ ಮನೆಗಳಲ್ಲೂ ಮನೆಮಾತು. ಈಗಲೂ ಮದುವೆ ಛತ್ರಗಳಲ್ಲಿ ಎಲೆ ಹಾಕುವ ಹೊತ್ತಿಗೆ ಸ್ಪೀಕರಿನಲ್ಲಿ ಬರುತ್ತದೆ. ಗಂಡಿನ ಕಡೆಯವರಿಗೆಂದು ಮಾಡಿಟ್ಟ ಲಾಡು, ವಡೆ, ಪುಳಿಯೋಗರೆಯ ರಾಶಿಯ ಮುಂದೆ ಅವನು ಕೂರುತ್ತಾನೆ. ತಟ್ಟೆ ತಾನೇ ಜರುಗಿ ಬರುತ್ತದೆ, ಲಾಡು ತಾನೇ ಎದ್ದು ಬಾಯಿಗೆ ಹೋಗುತ್ತದೆ. ಬೇರೆಯವರ ಮನೆಯ ಮದುವೆ ಊಟವನ್ನು ಒಬ್ಬನೇ ತಿಂದು ಮುಗಿಸುವುದು! ಮಗುವಿನ ಆಸೆಗೂ ಬಡವನ ಆಸೆಗೂ ಇದಕ್ಕಿಂತ ದೊಡ್ಡ ಮಾಯೆ ಬೇಕೇ? ನಮ್ಮ ಟೆಂಟಿನಲ್ಲಿ ಆ ಹಾಡಿನ ಹೊತ್ತಿಗೆ ಕಡಲೆಕಾಯಿ ಮಾರುವವನು ಸುಮ್ಮನೆ ಮೂಲೆಯಲ್ಲಿ ಕೂತುಬಿಡುತ್ತಿದ್ದ. ವ್ಯಾಪಾರ ಆಗುತ್ತಿರಲಿಲ್ಲ.

ಹೋದ ಏಪ್ರಿಲ್‌ನಲ್ಲಿ ಮೊಮ್ಮಕ್ಕಳಿಗೆ ಆ ಹಾಡು ತೋರಿಸಿದೆ. ದೊಡ್ಡವಳಿಗೆ ಒಂಬತ್ತು, ಚಿಕ್ಕವನಿಗೆ ಆರು. ಬೆಂಗಳೂರಿನ ಮಕ್ಕಳು, ತೆಲುಗು ಅಷ್ಟಕ್ಕಷ್ಟೆ. ಹಾಡು ಮುಗಿದ ತಕ್ಷಣ ಚಿಕ್ಕವನು ಕೇಳಿದ: 'ಅಜ್ಜಿ, ಲಾಡು ಹೆಂಗೆ ಹೋಗುತ್ತೆ? ದಾರ ಕಟ್ಟಿದಾರಾ?' ದೊಡ್ಡವಳು 'ಕಂಪ್ಯೂಟರ್ ಕಣೋ' ಅಂದಳು. 1957ರಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು ಮಗೂ.

ನಾಯನ ಹೇಳಿಕೊಟ್ಟಿದ್ದ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ಸಿನಿಮಾ ಅಂದರೆ ಸೆಕೆಂಡಿಗೆ 24 ನಿಂತ ಚಿತ್ರಗಳು. ಕ್ಯಾಮೆರಾ ನಿಲ್ಲಿಸಿ, ವಸ್ತುವನ್ನು ತುಸು ಜರುಗಿಸಿ, ಮತ್ತೆ ಒಂದು ಚಿತ್ರ ತೆಗೆದರೆ ವಸ್ತು ತಾನೇ ನಡೆಯುತ್ತದೆ. ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದರೆ ಬಿದ್ದದ್ದು ಏಳುತ್ತದೆ. ಲೆನ್ಸಿನ ಅರ್ಧ ಮುಚ್ಚಿ ಒಂದು ಸಲ, ಫಿಲ್ಮ್ ಹಿಂದಕ್ಕೆ ಸುತ್ತಿ ಇನ್ನರ್ಧ ಮುಚ್ಚಿ ಇನ್ನೊಂದು ಸಲ ತೆಗೆದರೆ, ಒಬ್ಬನೇ ಇಬ್ಬರಾಗಿ ಎದುರುಬದುರು ನಿಲ್ಲುತ್ತಾನೆ. ಇಂಥ ತಂತ್ರಗಳನ್ನು ಹೆಚ್ಚಾಗಿ ಕ್ಯಾಮೆರಾದೊಳಗೇ ಮಾಡಿ ಮುಗಿಸುತ್ತಿದ್ದ ಕಾಲ ಅದು. ತಪ್ಪಾದರೆ ಮೊದಲಿಂದ ತೆಗೆಯಬೇಕು. ಮಾಯಾಬಜಾರ್‌ನ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ. ದೋಣಿಯ ಹಾಡಿಗೆ ಅವರು ಸೃಷ್ಟಿಸಿದ ಬೆಳದಿಂಗಳನ್ನು ಕ್ಯಾಮೆರಾದವರು ಇಂದಿಗೂ ನೆನೆಯುತ್ತಾರೆ. ಇನ್ನು ಚಿತ್ರದ ದ್ವಾರಕೆ. ಕಣ್ಣಿಗೆ ಕೆಲವೇ ಕ್ಷಣ ಕಾಣುವ ಆ ಊರಿಗಾಗಿ ಕಲಾ ನಿರ್ದೇಶಕರಾದ ಗೋಖಲೆ ಮತ್ತು ಕಲಾಧರ್ ಸುಮಾರು 300 ಪುಟ್ಟ ಮನೆಗಳನ್ನು ಮಾಡಿಸಿದ್ದರು.

ಮಾತಿನಲ್ಲಿ ಹೇಳಿದರೆ ಮಕ್ಕಳು ಕೇಳುತ್ತಾರೆಯೇ? ಊಟದ ಮೇಜಿನ ಮೇಲೆ ರವೆ ಉಂಡೆಗಳನ್ನಿಟ್ಟು, ಎದುರಿಗೆ ಪುಸ್ತಕದ ರಾಶಿಗೆ ಮೊಬೈಲ್ ಒರಗಿಸಿದೆವು. ಮೇಜಿನ ಆ ತುದಿಯಲ್ಲಿ ಚಿಕ್ಕವನ ತೆರೆದ ಬಾಯಿ. 24 ನಮ್ಮ ತಾಳ್ಮೆಗೆ ಮೀರಿದ್ದು, ಸೆಕೆಂಡಿಗೆ 12 ಸಾಕು ಅಂದುಕೊಂಡೆವು. ಐದು ಸೆಕೆಂಡಿನ ಸಿನಿಮಾಗೆ 60 ಫೋಟೊ. ಒಂದು ಫೋಟೊ, ಉಂಡೆಯನ್ನು ಬೆರಳಗಲ ಜರುಗಿಸುವುದು, ಇನ್ನೊಂದು ಫೋಟೊ. ಬಾಯಿ ತೆರೆದೇ ಕೂರಬೇಕಾದ ನಟ ಇಪ್ಪತ್ತನೆಯ ಫೋಟೊಗೆ ದವಡೆ ನೋವು ಅಂದ, ಮೂವತ್ತೈದರಲ್ಲಿ ಉಂಡೆಯನ್ನು ನಿಜವಾಗಿ ತಿಂದುಬಿಟ್ಟ. ಅದೇ ಗಾತ್ರದ ಇನ್ನೊಂದು ಉಂಡೆಗೆ ಡಬ್ಬಿ ಹುಡುಕಿದೆವು. ಕೊನೆಗೆ ಓಡಿಸಿ ನೋಡಿದಾಗ ಉಂಡೆ ಕುಂಟುತ್ತ ಕುಂಟುತ್ತ ಮೇಜು ದಾಟಿ, ನಡುವೆ ಒಂದು ಕ್ಷಣ ಸಣ್ಣದಾಗಿ, ಬಾಯಿಗೆ ಬಿತ್ತು. ಅವನು ಅದನ್ನು ಎಷ್ಟು ಸಲ ನೋಡಿದ ಅಂತ ಲೆಕ್ಕವಿಲ್ಲ. ಹೇಗೆ ಮಾಡಿದ್ದು ಅಂತ ಗೊತ್ತಾದರೆ ಮಾಯೆಯ ಮೋಜು ಹೋಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ಕ್ಯಾಬಿನ್ನಿನಲ್ಲಿ ಬೆಳೆದ ನನಗೆ ಹೋಗಿಲ್ಲ.

ಈ ಚಿತ್ರ ತೆಗೆದ ಕೈಗಳು ಮಕ್ಕಳಿಗೆ ಹೊಸವಲ್ಲ ಅನ್ನುವುದೂ ಮುಖ್ಯ. ನಿರ್ಮಾಪಕರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. 1947ರಲ್ಲಿ ಮಕ್ಕಳ ಪತ್ರಿಕೆ 'ಚಂದಮಾಮ' ಶುರುಮಾಡಿದವರೂ ಇವರೇ. ಎರಡು ವರ್ಷಕ್ಕೆ ಅದು ಕನ್ನಡದಲ್ಲೂ ಬಂತು. ಅದರ ಮುಖಪುಟಕ್ಕೆ ಮಹಾಭಾರತದ ಚಿತ್ರಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ನಮ್ಮವರೇ. ಅದರಲ್ಲಿ ಬರುತ್ತಿದ್ದ ಬೇತಾಳನ ಕಥೆ ಓದಿದ ಮಗುವಿಗೆ ಒಂದು ಅಭ್ಯಾಸ ಇರುತ್ತದೆ: ಮಾಯೆಗೆ ಕಟ್ಟಳೆ ಇದೆ, ಆ ಕಟ್ಟಳೆ ಮುರಿಯಬಾರದು. ರಾಜ ಬಾಯಿಬಿಟ್ಟರೆ ಬೇತಾಳ ಮರ ಹತ್ತುತ್ತಾನೆ, ಇವತ್ತೊಂದು ದಿನ ಬಿಟ್ಟುಬಿಡೋಣ ಅನ್ನುವಂತಿಲ್ಲ. ಮಾಯಾಬಜಾರ್‌ನಲ್ಲೂ ಹಾಗೆಯೇ. 'ಪ್ರಿಯದರ್ಶಿನಿ' ಅನ್ನುವ ಪೆಟ್ಟಿಗೆ ಇದೆ. ತೆರೆದು ನೋಡಿದವರಿಗೆ ತಮಗೆ ಅತಿ ಪ್ರಿಯವಾದದ್ದು ಕಾಣುತ್ತದೆ. ಶಶಿರೇಖೆಗೆ ಅಭಿಮನ್ಯು. ಬಲರಾಮನಿಗೆ ದುರ್ಯೋಧನ. ರೇವತಿಗೆ ಒಡವೆ. ಕೃಷ್ಣನಿಗೆ, ನೋಡಿ, ದಾಳ ಹಿಡಿದ ಶಕುನಿ! ಮಗು ಪೆಟ್ಟಿಗೆಯನ್ನು ಕಂಡು ಬಾಯಿಬಿಡುತ್ತದೆ. ಪಕ್ಕದಲ್ಲಿ ಕೂತ ಅಪ್ಪ ಅಮ್ಮ ನಗುತ್ತಾರೆ, ಆಮೇಲೆ ನನಗೇನು ಕಾಣುತ್ತಿತ್ತು ಅಂತ ಒಂದು ಕ್ಷಣ ಸುಮ್ಮನಾಗುತ್ತಾರೆ. ಹತ್ತಿದವರ ಬಾಯಿಂದ ನಿಜವನ್ನೇ ಹೊರಡಿಸುವ ಸತ್ಯಪೀಠವೂ ಇದೆ. ಅದೇನು ಮಾಡುತ್ತದೆ ಅಂತ ನೋಡುವವರಿಗೆ ಮೊದಲೇ ಗೊತ್ತು. ಹಾಗಾಗಿ ಕೊನೆಯಲ್ಲಿ ಶಕುನಿ ಅದರ ಹತ್ತಿರ ಬರುವಾಗ ಟೆಂಟಿನ ಮಕ್ಕಳೆಲ್ಲ 'ಹತ್ತು, ಹತ್ತು' ಅಂತ ಕೂಗುತ್ತಿದ್ದರು.

ಮಾತಿನ ಆಟ ಬೇರೆ. ಸಂಭಾಷಣೆ, ಹಾಡು ಎರಡೂ ಪಿಂಗಳಿ ನಾಗೇಂದ್ರರಾವ್ ಅವರದು. ಕೌರವರ ಬಿಡಾರಕ್ಕೆಂದು ಘಟೋತ್ಕಚನ ಶಿಷ್ಯರು ಮಾಡಿಟ್ಟ, ಕಾಲಿಟ್ಟವರನ್ನು ಉರುಳಿಸುವ ಮಾಯದ ಕಂಬಳಿಗೆ 'ಗಿಂಬಳಿ', ತಲ್ಪಕ್ಕೆ 'ಗಿಲ್ಪ' ಅಂತ ಹೆಸರು. ತೆಲುಗಿನಂತೆಯೇ ಕನ್ನಡದಲ್ಲೂ ಇದು ಹಾಗೇ ಕೂರುತ್ತದೆ. ನಾವು ದಿನಾ ಊಟ ಗೀಟ, ಕಾಫಿ ಗೀಫಿ ಅನ್ನುವವರಲ್ಲವೇ? ಕಂಬಳಿ ಇದ್ದ ಮೇಲೆ ಗಿಂಬಳಿ ಇರಲೇಬೇಕು. ಹೊಸ ಮಾತು ಹುಟ್ಟಿಸುವವರ ಪರವಾಗಿ ಘಟೋತ್ಕಚ ಅಲ್ಲಿ ವಕಾಲತ್ತು ಕೂಡ ವಹಿಸುತ್ತಾನೆ. ನನ್ನ ಮೊಮ್ಮಗಳು ಅವತ್ತಿನಿಂದ ಹೋಂವರ್ಕಿಗೆ ಗೀಂವರ್ಕ್ ಅನ್ನುತ್ತಾಳೆ. ಹೋಂವರ್ಕ್ ಅವಳದು, ಗೀಂವರ್ಕ್ ಅವಳಮ್ಮನದಂತೆ.

ಹಾಗಂತ ಎಲ್ಲ ಚಂದ ಅನ್ನಲಾರೆ. ಮೂರು ಗಂಟೆ ಇವತ್ತಿನ ಮಗುವಿಗೆ ಜಾಸ್ತಿ. ಪ್ರೇಮಗೀತೆಗಳು ಬಂದಾಗ ಚಿಕ್ಕವನು ಸೋಫಾದ ಮೇಲೆ ಲಾಗ ಹಾಕುತ್ತಿದ್ದ. ನಾವು ಎರಡು ಸಂಜೆಗೆ ಹಂಚಿಕೊಂಡೆವು. ಹೆಣ್ಣಿನ ತಾಯಿಯೇ ದುರಾಸೆಯವಳು ಅನ್ನುವ ಹಳೆಯ ಚಾಳಿ ಇದರಲ್ಲೂ ಇದೆ, ಮೊಮ್ಮಗಳು ಅದನ್ನು ಗಮನಿಸಿ ಕೇಳಿದಳು ಕೂಡ: 'ಬಲರಾಮನೂ ಒಪ್ಕೊಂಡ ತಾನೆ? ಅವನ್ನ ಯಾಕೆ ಯಾರೂ ಬೈಯಲ್ಲ?' ಒಳ್ಳೆಯ ಪ್ರಶ್ನೆ. ಮದುವೆ ಮಂಟಪದಲ್ಲಿ ಘಟೋತ್ಕಚ ಲಕ್ಷ್ಮಣಕುಮಾರನನ್ನು ಹೆದರಿಸುವ ಜಾಗದಲ್ಲಿ ಚಿಕ್ಕವನು ನನ್ನ ಸೆರಗಿನೊಳಗೆ ಮುಖ ಹುದುಗಿಸಿದ. ಸ್ವಲ್ಪ ಹೆದರಿಕೆ ಇರಲಿ ಅನ್ನುವವಳು ನಾನು. ಖಾರದಪುಡಿ ಇಲ್ಲದೆ ಸಾರಾಗುವುದಿಲ್ಲ. ಹೆದರಿದ ಮಗುವಿಗೆ ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಸೆರಗು ಇರಬೇಕು ಅಷ್ಟೆ. ಮೊಬೈಲ್ ಕೊಟ್ಟು ಕೋಣೆಗೆ ಕಳಿಸಿದರೆ ಅದು ಸಿಗುವುದಿಲ್ಲ. ಈಗ ಸೆನ್ಸಾರ್ ಮಂಡಳಿಯವರು ಯುಎ ಪ್ರಮಾಣಪತ್ರವನ್ನೇ 7+, 13+, 16+ ಅಂತ ಒಡೆದಿದ್ದಾರೆ. ಟಿಕೆಟ್ ತೆಗೆಯುವ ಮುಂಚೆ ಆ ಅಂಕಿ ನೋಡಿಕೊಳ್ಳುವುದು ಒಳ್ಳೆಯದು.

ನಾಯನ ತೀರಿಕೊಂಡ ಮೇಲೆ, 1998ರಲ್ಲಿ, ನನ್ನ ಮಗಳನ್ನು 'ಛೋಟಾ ಚೇತನ್'ಗೆ ಕರೆದುಕೊಂಡು ಹೋಗಿದ್ದೆ. ಅದು ಭಾರತದ ಮೊದಲ ತ್ರೀಡಿ ಚಿತ್ರವಾದ 1984ರ ಮಲಯಾಳಂನ 'ಮೈ ಡಿಯರ್ ಕುಟ್ಟಿಚಾತ್ತನ್' ಹಿಂದಿಗೆ ಬಂದ ಅವತಾರ. ನಿರ್ದೇಶಕ ಜಿಜೊ ಪುನ್ನೂಸ್. ಮಂತ್ರವಾದಿಯ ಕೈಯಲ್ಲಿ ಸಿಕ್ಕಿಬಿದ್ದಿದ್ದ ಪುಟ್ಟ ಭೂತವೊಂದು ಮಕ್ಕಳ ಗೆಳೆಯನಾಗುತ್ತದೆ. ಅದಕ್ಕೆ ಹೆಂಡ ಅಂದರೆ ಪ್ರಾಣ. ಹುಡುಗಿಯ ಅಪ್ಪ ಕುಡುಕ. ಅವನ ಪಾಲಿನದನ್ನೆಲ್ಲ ಭೂತವೇ ಕುಡಿದುಬಿಟ್ಟರೆ? ನಗುತ್ತ ನಗುತ್ತ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಮಕ್ಕಳು ಗೋಡೆ ಹತ್ತಿ ಛಾವಣಿಯಲ್ಲಿ ತಲೆಕೆಳಗಾಗಿ ನಡೆಯುವ ಹಾಡಿದೆಯಲ್ಲ, ಅದಕ್ಕೆ ಇಡೀ ಕೋಣೆಯನ್ನೇ ತಿರುಗುವ ಚೌಕಟ್ಟಿನೊಳಗೆ ಕಟ್ಟಿದ್ದರು. ಕೋಣೆ ತಿರುಗುತ್ತದೆ, ಅದರ ಜೊತೆಗೇ ಕ್ಯಾಮೆರಾ ತಿರುಗುತ್ತದೆ, ಮಕ್ಕಳು ಪಾಪ ಕೆಳಗೇ ನಡೆಯುತ್ತಿರುತ್ತಾರೆ. ಬಾಗಿಲಲ್ಲಿ ಕೊಟ್ಟ ಕನ್ನಡಕ ನನ್ನ ಕ್ಲಾಸಿನ ಪಾಠವೇ ಆಗಿತ್ತು: ತೆರೆಯ ಮೇಲೆ ಎರಡು ಚಿತ್ರ ಒಟ್ಟಿಗೆ ಬೀಳುತ್ತವೆ, ಒಂದರ ಬೆಳಕಿನ ಕಂಪನ ಒಂದು ದಿಕ್ಕಿಗೆ, ಇನ್ನೊಂದರದು ಅದಕ್ಕೆ ಅಡ್ಡಕ್ಕೆ, ಕನ್ನಡಕದ ಒಂದೊಂದು ಗಾಜು ಒಂದೊಂದನ್ನು ಮಾತ್ರ ಒಳಗೆ ಬಿಡುತ್ತದೆ. ಸಾಧಾರಣ ಬಿಳಿ ಪರದೆ ಆ ದಿಕ್ಕನ್ನು ಕಲಸಿಹಾಕುವುದರಿಂದ ಬೆಳ್ಳಿ ಬಣ್ಣದ ಪರದೆಯೇ ಬೇಕು. ಇದನ್ನೆಲ್ಲ ನಾನು ಮಗಳ ಕಿವಿಯಲ್ಲಿ ಹೇಳುತ್ತಿದ್ದರೆ ಅವಳು ತೆರೆಯಿಂದ ಚಾಚಿ ಬಂದ ಐಸ್‌ಕ್ರೀಮಿಗೆ ಕೈ ಹಾಕುತ್ತಿದ್ದಳು. ಮುಂದಿನ ಸಾಲು, ಹಿಂದಿನ ಸಾಲು, ಎಲ್ಲೆಲ್ಲೂ ಗಾಳಿಯಲ್ಲಿ ಪುಟ್ಟ ಪುಟ್ಟ ಕೈಗಳು. ಎರಡು ಸಾಲು ಮುಂದೆ ಒಬ್ಬರು ಅಜ್ಜ ಕೂಡ.

ಭೂತ ಯಾರು ಅಂತ ಅಲ್ಲೂ ಮಕ್ಕಳಿಗಷ್ಟೇ ಗೊತ್ತು. 'ಮಿಸ್ಟರ್ ಇಂಡಿಯಾ'ದಲ್ಲೂ ಗುಟ್ಟು ನೋಡುವವರ ಕೈಯಲ್ಲೇ. ಅದೃಶ್ಯನಾದವನು ಕೆಂಪು ಬೆಳಕಿನಲ್ಲಿ ಮಾತ್ರ ಕಾಣುತ್ತಾನೆ ಅನ್ನುವ ಒಂದು ಸಣ್ಣ ಕಟ್ಟಳೆ, ಅದರ ಮೇಲೆ ಅರ್ಧ ಚಿತ್ರ ನಿಂತಿದೆ. ದೂರದರ್ಶನದಲ್ಲಿ ಬಂದ ವಾರ ನಮ್ಮ ಬೀದಿಯ ಮಕ್ಕಳೆಲ್ಲ ಕೆಂಪು ಬಣ್ಣದ ಕಾಗದ ಕಣ್ಣಿಗೆ ಹಿಡಿದು ಮೋರಿ ಪಕ್ಕದಲ್ಲಿ ಎಡವುತ್ತಿದ್ದರು.

ಕನ್ನಡದಲ್ಲಿ? ಸಿದ್ಧಲಿಂಗಯ್ಯನವರ 'ನಾರದ ವಿಜಯ'ದಲ್ಲಿ ಅನಂತನಾಗ್ ನಾರದನಾಗಿ ಭೂಮಿಗೆ ಇಳಿದದ್ದು 1980ರಲ್ಲಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. 'ಪುಟಾಣಿ ಏಜೆಂಟ್ 123', 'ಸಿಂಹದ ಮರಿ ಸೈನ್ಯ' ಮಕ್ಕಳ ಕೈಗೆ ಗುಟ್ಟು ಕೊಟ್ಟವು, ಆದರೆ ಮಾಯೆ ಇಲ್ಲ. ಎರಡೂ ಸೇರಿದ್ದು ನಮ್ಮಲ್ಲಿ ಬಲು ಕಡಿಮೆ. ಯಕ್ಷಗಾನ, ಬಯಲಾಟ, ಬೇತಾಳ, ಬೆಂಕಿ ಉಗುಳುವ ರಾಕ್ಷಸರು, ಎಲ್ಲ ಇದ್ದ ನಾಡು ಇದು. ಮಕ್ಕಳ ಸಿನಿಮಾ ಅಂದ ಕೂಡಲೇ ನಮ್ಮವರಿಗೆ ಬಡ ಹುಡುಗ, ಒಳ್ಳೆಯ ಮೇಷ್ಟ್ರು, ಕೊನೆಗೊಂದು ಪ್ರಶಸ್ತಿ ನೆನಪಾಗುತ್ತದೆ. ನಾನೂ ಮೇಷ್ಟ್ರೇ, ಆದರೂ ಹೇಳುತ್ತೇನೆ, ಮಕ್ಕಳಿಗೆ ಸ್ವಲ್ಪ ಕಡಿಮೆ ಮೇಷ್ಟ್ರು ಇರಲಿ.

ಈಚೆಗೆ ರಜೆಗೆಂದು ಬರುವ ಕೆಲವು ಚಿತ್ರಗಳಲ್ಲಿ ಮಾಯೆ ಅಂದರೆ ಎಲ್ಲವೂ ಆಗುತ್ತದೆ. ಬೇಕೆಂದಾಗ ಹಾರುತ್ತಾರೆ, ಬೇಕೆಂದಾಗ ಸಾಯುತ್ತಾರೆ, ಬೇಕೆಂದಾಗ ಏಳುತ್ತಾರೆ. ಎಲ್ಲ ಆಗುವ ಕಡೆ ಮಗು ಏನನ್ನು ಕಾಯಬೇಕು? ಪಾಪ್‌ಕಾರ್ನ್ ಮುಗಿಯುವುದನ್ನು. ದಪ್ಪಗಿರುವವರನ್ನು ಬೀಳಿಸಿ ನಗಿಸುವುದು, ದೊಡ್ಡವರಿಗಷ್ಟೇ ಅರ್ಥವಾಗುವ ಪೋಲಿ ಮಾತನ್ನು ಮಕ್ಕಳ ತಲೆ ಮೇಲಿಂದ ಎಸೆಯುವುದು ಇನ್ನೊಂದು ಚಾಳಿ. ಅದರಲ್ಲಿ ಗುಟ್ಟು ದೊಡ್ಡವರ ಕೈಗೆ ಹೋಯಿತು, ಮಗು ಮತ್ತೆ ಆಚೆ.

ದೊಡ್ಡವರನ್ನು ಪೆದ್ದರನ್ನಾಗಿ ಮಾಡಲೇಬೇಕು ಅಂತಲೂ ಇಲ್ಲ. ಮೊಮ್ಮಗಳು ನನಗೆ ತೋರಿಸಿದ ಜಪಾನಿನ ಚಿತ್ರ 'ಮೈ ನೇಬರ್ ಟೊಟೊರೊ'. ಹಯಾವೊ ಮಿಯಾಜಾಕಿ 1988ರಲ್ಲಿ ಮಾಡಿದ್ದು, ಕೈಯಲ್ಲಿ ಬರೆದ ಚಿತ್ರಗಳ ಸಿನಿಮಾ. ಅಮ್ಮ ಆಸ್ಪತ್ರೆಯಲ್ಲಿ; ಅಪ್ಪನ ಜೊತೆ ಹಳ್ಳಿಯ ಹಳೇ ಮನೆಗೆ ಬಂದ ಅಕ್ಕ ತಂಗಿ. ಪಕ್ಕದ ದೊಡ್ಡ ಕರ್ಪೂರದ ಮರದೊಳಗೆ ಆನೆಯಷ್ಟು ದಪ್ಪನೆಯ, ಮೆತ್ತನೆಯ, ನಿದ್ದೆಬಡುಕ ಪ್ರಾಣಿಯೊಂದು ಇದೆ. ಖಳನಾಯಕನೇ ಇಲ್ಲ. ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ ಹುಡುಗಿ ಅದಕ್ಕೊಂದು ಕೊಡೆ ಕೊಡುತ್ತಾಳೆ. ಕೊಡೆ ಯಾಕೆ ಅಂತ ಅದಕ್ಕೆ ಗೊತ್ತಿಲ್ಲ. ಹನಿ ಬಿದ್ದಾಗ ಬರುವ ಟಪ್ ಸದ್ದು ಮಾತ್ರ ಬಲು ಇಷ್ಟ. ಇನ್ನಷ್ಟು ಹನಿ ಬೀಳಲಿ ಅಂತ ಎಗರಿ ನೆಲ ನಡುಗಿಸುತ್ತದೆ. ನಾನೂ ಚಿಕ್ಕವನೂ ಒಟ್ಟಿಗೆ ನಕ್ಕೆವು. ಆ ಪ್ರಾಣಿಯನ್ನು ಅಪ್ಪ ಕಾಣಲಾರ, ಆದರೆ ಮಗಳ ಮಾತನ್ನು ನಂಬುತ್ತಾನೆ, ಮಕ್ಕಳನ್ನು ಕರೆದುಕೊಂಡು ಹೋಗಿ ಆ ಮರಕ್ಕೆ ಕೈಮುಗಿಯುತ್ತಾನೆ. ಕಾಣದವನ ಈ ಮರ್ಯಾದೆ ನನಗೆ ತುಂಬ ಹಿಡಿಸಿತು. ಅರಳಿಕಟ್ಟೆಗೆ ಸುತ್ತು ಬರುವ ಊರಿನವಳಿಗೆ ಅದು ಜಪಾನ್ ಅಂತ ಅನ್ನಿಸಲೇ ಇಲ್ಲ.

ಮಾಯಾಬಜಾರ್‌ನ ಎರಡನೆಯ ಸಂಜೆ ಅಳಿಯ ಆಫೀಸಿನಿಂದ ತಡವಾಗಿ ಬಂದರು. ಸಾವಿತ್ರಿ ಆಗತಾನೆ ಎದೆ ಸೆಟೆಸಿ ನಡೆಯಲು ಶುರುಮಾಡಿದ್ದಳು. ಮಕ್ಕಳಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಹಿಂದಿನ ಸಂಜೆ ನೋಡಿರದ ಅಳಿಯ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತರು. 'ಯಾಕೆ ನಗ್ತಿದೀರ? ಆ ಹುಡುಗಿಗೆ ಏನಾಗಿದೆ?' ಅಂದರು.

ಮೊಮ್ಮಗಳು ಬಾಯಿ ತೆರೆದಳು. ಚಿಕ್ಕವನು ಎಗರಿ ಅವಳ ಬಾಯಿ ಮುಚ್ಚಿದ. 'ಹೇಳ್ಬೇಡ! ಅಜ್ಜಿ, ನೀನೂ ಹೇಳ್ಬೇಡ!'

'ಅತ್ತೆ, ನೀವಾದ್ರೂ ಹೇಳಿ' ಅಂದರು ಅಳಿಯ.

ನಾನು ರವೆ ಉಂಡೆಯ ಡಬ್ಬಿಯನ್ನು ಅವರ ಕಡೆ ಸರಿಸಿದೆ.